ಒಂದೇ ಸರಕ್ಕೆ ಕಟ್ಟಿದ ಹೆಸರುಗಳು

ಮಲಪ್ರಭೆಯ ದಂಡೆಗೆ ಮುಗಿಲಾಪುರವೆಂಬ ನೇಕಾರರ ಊರು. ಆ ಊರಿನಲ್ಲಿ ಯಾರ ಎದೆಯೂ ತನ್ನಷ್ಟಕ್ಕೆ ತಾನು ಬಡಿಯುತ್ತಿರಲಿಲ್ಲ. ಎದೆಜ್ವರ ಬಂದು ಹೋದ ಮೇಲೆ ಆದದ್ದು ಅದು. ಜ್ವರ ಜೀವ ತೆಗೆಯಲಿಲ್ಲ, ಗುಂಡಿಗೆಯ ಮಾಂಸ ಗಟ್ಟಿಯಾಗಿಯೇ ಉಳಿಯಿತು. ಆದರೆ ಅದರೊಳಗೆ ಕೂತು ‘ಈಗ ಬಡಿ, ಈಗ ಬಿಡು’ ಎಂದು ಹೇಳುವ ಒಂದು ಚೂರು ಜಾಗವಿರುತ್ತದಲ್ಲ, ಅದನ್ನಷ್ಟೇ ಆರಿಸಿ ತಿಂದು ಹೋಯಿತು. ಮಗ್ಗ ಇದೆ, ನೂಲು ಇದೆ, ಮಗ್ಗದ ಮುಂದೆ ಕೂತವನೇ ಎದ್ದು ಹೋದ ಹಾಗೆ. ಆಮೇಲೆ ಹುಟ್ಟಿದ ಮಕ್ಕಳಲ್ಲೂ ಆ ಜಾಗ ವರ್ಷ ತುಂಬುವುದರೊಳಗೆ ಒಣಗುತ್ತಿತ್ತು.

ಶಿವನ ದಯ, ವೈದ್ಯರು ಕೈಬಿಡಲಿಲ್ಲ. ಪ್ರತಿಯೊಬ್ಬರ ಎದೆಯೊಳಗೂ ಬಟಾಣಿಯಷ್ಟು ಚಿಕ್ಕದೊಂದು ಯಂತ್ರ ಇಟ್ಟರು. ಜನ ಅದನ್ನು ಮಿಡಿಗಾಳು ಎಂದರು. ಅಷ್ಟು ಚಿಕ್ಕ ಕಾಳಿಗೆ ತಾನಾಗಿ ಏನೂ ತಿಳಿಯದು. ಊರ ನಡುವಿನ ತಾಳಮನೆಯ ದೊಡ್ಡ ಯಂತ್ರವನ್ನು ಅದು ಗಾಳಿಯ ಮೂಲಕ ಕೇಳುತ್ತಲೇ ಇರಬೇಕು: ನನ್ನವರು ಈಗ ಮಲಗಿದ್ದಾರೆ, ಎಷ್ಟು ಬಡಿಯಲಿ? ಎದ್ದರು, ಮೆಟ್ಟಿಲು ಹತ್ತಿದರು, ಅತ್ತರು, ಎಷ್ಟು ಬಡಿಯಲಿ? ತಾಳಮನೆಯಲ್ಲಿ ಇದಕ್ಕೆಲ್ಲ ಉತ್ತರವಿತ್ತು. ನಿದ್ದೆಯದೊಂದು ಮಣಿ, ಕೂತಿರುವುದಕ್ಕೊಂದು, ನಡೆಯುವುದಕ್ಕೊಂದು, ಏರುವುದಕ್ಕೊಂದು, ಅಳುವುದಕ್ಕೊಂದು. ಹೀಗೆ ಪೋಣಿಸಿದ ಸರ. ಸರಕ್ಕೆ ಒಂದು ಚೀಟಿ, ಚೀಟಿಯ ಮೇಲೆ ಆ ಮನುಷ್ಯನ ಹೆಸರು. ಮನುಷ್ಯನಿಗೆ ವಯಸ್ಸಾದಂತೆ ಯಂತ್ರ ಅವನ ಮೈಯನ್ನು ನೋಡಿ ಮಣಿಗಳೊಳಗಿನ ಅಂಕಿಯನ್ನು ತಿದ್ದುತ್ತ ಹೋಗುತ್ತಿತ್ತು.

ಜನ ಎಲ್ಲಿದ್ದರೂ ಆಚಾರ ಹುಟ್ಟಿಕೊಳ್ಳುತ್ತದೆ. ಮುಗಿಲಾಪುರದಲ್ಲಿ ಸರ ಕೊಡುವ ಆಚಾರ ಹುಟ್ಟಿತು. ಕೂಸಿಗೆ ವರ್ಷ ತುಂಬುವ ಮುಂಚೆ ಮನೆಯ ಹಿರಿಯರನ್ನು ಕಂಬಳಿಯ ಮೇಲೆ ಕೂರಿಸಿ, ಕೂಸನ್ನು ತೊಡೆಯ ಮೇಲಿಟ್ಟು, ‘ಇವರ ಸರ ಈ ಕೂಸಿಗೂ ಇರಲಿ’ ಎಂದು ಹಾರೈಸುವುದು. ತಾಳಮನೆಯವರು ಹಿರಿಯರ ಸರಕ್ಕೆ ಕೂಸಿನ ಹೆಸರಿನ ಚೀಟಿ ಕಟ್ಟುವುದು. ಮಕ್ಕಳ ಮಿಡಿಗಾಳು ಆ ಅಂಕಿಯನ್ನೇ ಎಳೆಯ ವಯಸ್ಸಿಗೆ ತಕ್ಕಂತೆ ಏರಿಸಿ ಓದಿಕೊಳ್ಳುತ್ತಿತ್ತು. ಕೊನೆಗೆ ಹಿರಿಯರು ಲಿಂಗೈಕ್ಯರಾದ ದಿನ ಸರ ತೊಳೆಯುವುದು. ಮಗ ಒಂದು ಗುಂಡಿ ಒತ್ತುತ್ತಾನೆ, ಯಂತ್ರ ಒಂದೊಂದೇ ಮಣಿಯನ್ನು ಒಳಗಿನಿಂದ ಬರಿದು ಮಾಡುತ್ತದೆ. ತೊಳೆಯದೆ ಬಿಟ್ಟರೆ ಮಣ್ಣೊಳಗೆ ಕೂರಿಸಿದ ದೇಹದಲ್ಲಿ ಎದೆ ಬಡಿಯುತ್ತಲೇ ಇರುತ್ತದೆ. ಅದನ್ನು ಯಾರು ತಾನೇ ಒಪ್ಪಿಯಾರು? ಆದರೆ ಕೂಸಿಗೆ ಸರ ಕೊಟ್ಟ ಹಿರಿಯರಲ್ಲಿ ಈವರೆಗೆ ಯಾರೂ ತೀರಿಕೊಂಡಿರಲಿಲ್ಲ.

ಓಣಿಯಲ್ಲಿ ಎಲ್ಲರೂ ಬೇಡುತ್ತಿದ್ದದ್ದು ಸಂಗವ್ವನ ಸರವನ್ನು. ತೊಂಬತ್ತರ ಹತ್ತಿರ ಬಂದರೂ ಬೆನ್ನು ಬಾಗದ, ಯಾರ ಮೇಲೂ ದನಿ ಏರಿಸದ ಹೆಂಗಸು. ಅವಳ ಸೊಸೆ ನೀಲಗಂಗಾ ತಾಳಮನೆಯಲ್ಲಿ ಯಂತ್ರ ನೋಡಿಕೊಳ್ಳುವವಳು. ನೀಲಗಂಗಾಳ ಮಗಳು ಚೆನ್ನಿಗೂ ಅದೇ ಸರ.

ಆ ವರ್ಷ ಬೇಸಿಗೆ ಇಳಿಯುವ ಹೊತ್ತಿಗೆ ಸಂಗವ್ವ ಹಾಸಿಗೆ ಹಿಡಿದಳು. ರೋಗವೇನಲ್ಲ, ಎಣ್ಣೆ ಇಂಗಿದ ದೀಪದಂತೆ ಸಣ್ಣಗಾಗುತ್ತ ಬಂದಳು. ನೀಲಗಂಗಾ ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಅವಳಿಗೆ ಚಿಂತೆ ಹತ್ತಿದ್ದು ಬೇರೆಯದಕ್ಕೆ.

“ಚೆನ್ನೀ, ಊಟಕ್ಕ ಏಳವಾ.”

“ಸಾಕಾಗೇತವ್ವಾ. ಸ್ವಲ್ಪ ಮಲಗತೀನಿ.”

“ಏನ್ ಮಾಡಿ ಸಾಕಾತು? ಮುಂಜಾನಿಂದ ಕಟ್ಟಿ ಬಿಟ್ಟು ಇಳದಿಲ್ಲ.”

ಎದುರುಮನೆಯ ಕಸ್ತೂರೆವ್ವ ಬಾಗಿಲಲ್ಲಿ ನಿಂತು ನಕ್ಕಳು. “ನಿನ್ನ ಮಗಳೂ ನಮ್ಮ ಬಾಳ್ಯಾನೂ ಕೂಡೇ ತೂಕಡಸ್ತಾವ ನೋಡು, ಬೀಗರ ಮನ್ಯಾಗ ಹೋಳಿಗಿ ಹೊಡದವರಂಗ. ನಿನ್ನಿ ನಮ್ಮಾವಗ ಚೆಂಡು ತಂದು ಕೊಟ್ರ ತಲಿದಿಂಬು ಮಾಡಕೊಂಡಾನ.”

“ಬಾಳ್ಯಾನೂ?” ಎಂದಳು ನೀಲಗಂಗಾ.

“ಬಿಸಿಲಿನ ಕಾಟ ಬಿಡವಾ. ನೀ ಹಿಂಗ ಮಾರಿ ಮಾಡಿದ್ರ ನನಗೂ ಅಂಜಿಕಿ ಬರತೈತಿ.”

ವೈದ್ಯರು ನೋಡಿ, ರಕ್ತ ಕಡಿಮೆ ಎಂದು ಕೆಂಪು ಔಷಧ ಬರೆದುಕೊಟ್ಟರು. ಚೆನ್ನಿ ಅದನ್ನು ಕುಡಿದು, ತುಟಿ ಒರೆಸಿಕೊಂಡು, ಮತ್ತೆ ತನ್ನ ಆಯಿ ಸಂಗವ್ವನ ಪಕ್ಕ ಹೋಗಿ ಒರಗಿದಳು. ಹಣ್ಣಾದ ತಲೆ, ಎಳೆಯ ತಲೆ ಒಂದೇ ದಿಂಬಿನ ಮೇಲೆ. ಎರಡೂ ಎದೆ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತಿದ್ದವು. ನೀಲಗಂಗಾ ಬಹಳ ಹೊತ್ತು ನೋಡಲಾರದೆ ಒಳಗೆ ಹೋದಳು.

ಮರುದಿನ ತಾಳಮನೆಗೆ ಹೋದವಳೇ ಯಂತ್ರದಲ್ಲಿ ಚೆನ್ನಿಯ ಹೆಸರು ಹುಡುಕಿ ಸರ ತೆರೆದಳು. ಕೂತಿರುವ ಮಣಿಯ ಅಂಕಿ ತೀರ ಕೆಳಗಿತ್ತು. ಇದೇ ಕಾರಣ ಅಂದುಕೊಂಡು, ಶಿವನನ್ನು ನೆನೆದು, ಅಂಕಿಯನ್ನು ಏರಿಸಿದಳು. ಕೈ ಇನ್ನೂ ಕೀಲಿಮಣೆಯ ಮೇಲಿತ್ತು, ಮನೆಯಿಂದ ಫೋನು ಬಂತು. ಗಂಡ ಗುರುಪಾದ. ಅವನ ದನಿಯ ಹಿಂದೆ ಎಂದಿನ ಮಗ್ಗದ ಸದ್ದು ಕೇಳುತ್ತಿರಲಿಲ್ಲ.

“ನೀಲಾ, ಅವ್ವಗ ಏನೋ ಆಗಾಕ ಹತ್ತೇತಿ. ಸುಮ್ನ ಕುಂತಾಕಿ ಒಮ್ಮಿಂದೊಮ್ಮೆಲೆ ಎದಿ ಹಿಡಕೊಂಡ್ಲು. ಒಳಗ ಕುದರಿ ಓಡಿದಂಗ ಆಗತೈತಿ ಅಂತಾಳ.”

“ಚೆನ್ನಿ ಎಲ್ಲದಾಳ?”

“ಚೆನ್ನಿ ಭೇಷ್ ಅದಾಳ, ಎದ್ದು ಅಂಗಳದಾಗ ಕುಣ್ಯಾಕ ಹತ್ಯಾಳ. ಅವ್ವಗ ಏನ್ ಮಾಡ್ಲಿ, ಅದನ್ನ ಹೇಳು.”

ನೀಲಗಂಗಾ ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಹಿಡಿದಳು. ಅಂಕಿಯನ್ನು ಮೊದಲಿದ್ದಲ್ಲಿಗೆ ಇಳಿಸಿದಳು.

“ಈಗ ಹ್ಯಾಂಗೈತ್ರಿ?”

“ಹಾಂ, ಇಳೀತು. ಅವ್ವ ಆರಾಮಾದ್ಲು.” ಒಂದು ಗಳಿಗೆ ಬಿಟ್ಟು ಅವನೇ ಅಂದ, “ಚೆನ್ನಿ ಯಾಕೋ ಅಲ್ಲೇ ಕುಂತಬಿಟ್ಲು.”

ತಾಳಮನೆಯ ಹಿರಿಯರು ಇಟಗಿ ಮಾಸ್ತರು. ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು, ಯಂತ್ರ ಬಂದ ದಿನದಿಂದ ಅದರ ಜೊತೆಗಿದ್ದವರು. ನೀಲಗಂಗಾ ಹೇಳಿದ್ದನ್ನು ಕೇಳಿ ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಳ್ಳುವುದನ್ನು ಮರೆತರು.

“ಮಾಸ್ತರ, ಕೂಸಿಗೆ ಸರ ಕೊಡೂ ಮುಂದ ಯಂತ್ರ ಏನ್ ಕೇಳತಿತ್ತು?”

“ಅದನ್ನ ಕೊಡ್ಲೋ, ಅಂಥಾದ್ದೊಂದು ಹೊಸಾದು ಮಾಡಿ ಕೊಡ್ಲೋ ಅಂತಿತ್ತು.”

“ನೀವೇನಂದ್ರಿ?”

“ನಾ ಅನ್ನೂದೇನೈತಿ ತಂಗಿ? ಊರ ಮಂದಿ ಜಗಳಕ್ಕ ಬಂದ್ರು. ಅಂಥಾದ್ದು ಯಾಕ್ರಿ, ಸಂತ್ಯಾಗಿನ ಸೀರಿ ಏನು ಅಂಥಾದ್ದು ಉಟ್ಟಗೊಳ್ಳಾಕ, ನಮಗ ಸಂಗವ್ವಾಯಿದು ಅದನ್ನ ಕೊಡ್ರಿ ಅಂದ್ರು. ಅದನ್ನ ಕೊಟ್ವಿ.”

ತಾಳಮನೆಯ ಪ್ರೋಗ್ರಾಮು ಪೈಥಾನ್ ಎಂಬ ಭಾಷೆಯಲ್ಲಿ ಬರೆದದ್ದು. ಆ ಭಾಷೆಯ ಧರ್ಮವೇ ಹಾಗೆ. ಹೆಸರು ಅಂದರೆ ಡಬ್ಬಿಯಲ್ಲ, ತನ್ನೊಳಗೆ ವಸ್ತುವನ್ನು ತುಂಬಿಟ್ಟುಕೊಳ್ಳುವುದಿಲ್ಲ. ಹೆಸರು ಬರೀ ಚೀಟಿ, ವಸ್ತುವಿಗೆ ದಾರ ಹಾಕಿ ಕಟ್ಟಿದ್ದು. ಇದ್ದ ಸರಕ್ಕೆ ಇನ್ನೊಂದು ಹೆಸರು ಕಟ್ಟಿದರೆ ಇನ್ನೊಂದು ಸರ ಹುಟ್ಟುವುದಿಲ್ಲ, ಅದೇ ಸರಕ್ಕೆ ಎರಡು ಚೀಟಿ ಆಗುತ್ತವೆ ಅಷ್ಟೆ. ಬದಲಾಗದಂಥ ವಸ್ತುವಾದರೆ ಚಿಂತೆಯಿಲ್ಲ, ಎಷ್ಟು ಜನ ಬೇಕಾದರೂ ಹಂಚಿಕೊಳ್ಳಬಹುದು. ಸರವೋ, ಒಳಗೇ ತಿದ್ದಬಹುದಾದ ವಸ್ತು. ಒಂದು ಹೆಸರು ಹಿಡಿದು ಹೋಗಿ ತಿದ್ದಿದರೆ, ಇನ್ನೊಂದು ಹೆಸರು ಹಿಡಿದು ಬಂದವನಿಗೂ ಆ ತಿದ್ದಿದ್ದೇ ಕಾಣುತ್ತದೆ. ಯಂತ್ರ ತಪ್ಪು ಮಾಡಿರಲಿಲ್ಲ. ಊರು ಕೇಳಿದ್ದನ್ನೇ ಕೊಟ್ಟಿತ್ತು.

ಪ್ರತಿ ವಸ್ತುವಿಗೂ ಯಂತ್ರ ಒಂದು ಗುರುತಿನ ಸಂಖ್ಯೆ ಇಟ್ಟಿರುತ್ತದೆ. ನೀಲಗಂಗಾ ಅತ್ತೆಯ ಸರದ ಗುರುತು ಕೇಳಿದಳು. ಚೆನ್ನಿಯದು ಕೇಳಿದಳು. ಬಾಳ್ಯಾನದು ಕೇಳಿದಳು. ಓಣಿಯ ಒಂದೊಂದು ಮಗುವಿನ ಹೆಸರನ್ನೂ ಒತ್ತಿದಳು. ಪರದೆಯ ಮೇಲೆ ಅದೇ ಸಂಖ್ಯೆ, ಮತ್ತೆ ಅದೇ, ಮತ್ತೆ ಅದೇ.

“ಯಂತ್ರ ಯಾರ ಮೈ ನೋಡಿ ಈ ಸರ ತಿದ್ದತೈತ್ರಿ?”

“ಮೊದಲನೇ ಚೀಟಿ ಯಾರದೋ ಅವರದು,” ಎಂದರು ಮಾಸ್ತರು. “ನಿಮ್ಮತ್ತಿದು.”

ಅತ್ತೆ ಸಾವಿನ ಕಡೆ ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದಳು, ಅವಳ ಸೆರಗು ಹಿಡಿದು ಅಷ್ಟೂ ಮಕ್ಕಳು ಇಳಿಯುತ್ತಿದ್ದವು. ಕೊನೆಯ ಮೆಟ್ಟಿಲಿನಲ್ಲಿ ಗುರುಪಾದನೇ ಸರ ತೊಳೆಯುವ ಗುಂಡಿ ಒತ್ತಬೇಕು. ತಾಯಿಗೆ ಸಲ್ಲಬೇಕಾದ ಕಾರ್ಯವೆಂದು ಕಣ್ಣೊರೆಸಿಕೊಂಡು ಒತ್ತುತ್ತಾನೆ. ಅಂಗಳದಲ್ಲಿ ಚೆನ್ನಿ, ಎದುರುಮನೆಯಲ್ಲಿ ಬಾಳ್ಯಾ. ನೀಲಗಂಗಾ ಮುಂದೆ ಯೋಚಿಸಲು ಹೋಗಲಿಲ್ಲ.

ಮೊದಲು ಮಗಳು. ಯಾವ ತಾಯಿಯಾದರೂ ಅದನ್ನೇ ಮಾಡಿಯಾಳು. ಸರದ ನಕಲು ತೆಗೆ ಎಂದು ಯಂತ್ರಕ್ಕೆ ಹೇಳಿದಳು, ಚೆನ್ನಿಯ ಚೀಟಿಯನ್ನು ಬಿಚ್ಚಿ ಹೊಸದಕ್ಕೆ ಕಟ್ಟಿದಳು. ಗುರುತು ನೋಡಿದಳು. ಬೇರೆ ಸಂಖ್ಯೆ. ಮೇಜಿನ ಮೇಲೆ ಹಣೆ ಇಟ್ಟು ಎರಡು ಹನಿ ಅತ್ತಳು. ಉಳಿದ ಮಕ್ಕಳಿಗೂ ನಾಳೆ ಹೀಗೇ ಮಾಡಿದರಾಯಿತು ಅಂದರು ಮಾಸ್ತರು.

ಸಂಜೆ ಮನೆಯಲ್ಲಿ ಚೆನ್ನಿಯ ಮುಂದೆ ರೊಟ್ಟಿ, ಕಡಲೆಯ ಪಲ್ಯ ಬಡಿಸಿ ಎದುರು ಕೂತಳು. ಚೆನ್ನಿ ಒಂದು ತುತ್ತು ಮುರಿದಳು. ಒಳಕೋಣೆಯಲ್ಲಿ ಸಂಗವ್ವ ಸಣ್ಣಗೆ ಕೆಮ್ಮಿ ಸುಮ್ಮನಾದಳು. ಚೆನ್ನಿಯ ಕೈ ಬಾಯಿಯ ದಾರಿಯಲ್ಲಿ ನಿಂತಿತು. ಮೆಲ್ಲಗೆ ಕೆಳಗಿಳಿಯಿತು.

“ಯಾಕವಾ? ಖಾರ ಆತೇನು?”

“ಇಲ್ಲವ್ವಾ. ಕೈ ಭಾರ ಆತು.”

ನೀಲಗಂಗಾ ತಾಟು ಹಾಗೇ ಬಿಟ್ಟು ಎದ್ದಳು. ಒಂದು ಸಲ ಹೆದರಿದ್ದಕ್ಕಿಂತ, ಹೆದರಿಕೆ ಹೋಯಿತೆಂದು ನಂಬಿ ಮತ್ತೆ ಹೆದರುವುದು ಹೆಚ್ಚು. ತಾಳಮನೆಗೆ ಓಡಿದಳು. ಈ ಸಲ ಸರದ ಗುರುತಲ್ಲ, ಸರದೊಳಗಿನ ಒಂದೊಂದು ಮಣಿಯ ಗುರುತು ಕೇಳಿದಳು. ಹೊಸ ಸರದ ನಿದ್ದೆಯ ಮಣಿ, ಹಳೆಯ ಸರದ ನಿದ್ದೆಯ ಮಣಿ, ಒಂದೇ ಸಂಖ್ಯೆ. ಏರುವ ಮಣಿಯೂ ಒಂದೇ. ಅಳುವ ಮಣಿಯೂ ಒಂದೇ.

“ದಾರ ಅಷ್ಟೇ ಹೊಸಾದು ತಂಗಿ,” ಎಂದರು ಮಾಸ್ತರು. “ಮಣಿ ಅವೇ ಅದಾವ. ನಮ್ಮ ಕೈಯಾಗ ಒಂದು ಮಣಿ ಎರಡು ದಾರದಾಗ ಇರಾಕ ಬರೂದಿಲ್ಲ. ಇದರಾಗ ಬರತೈತಿ.”

ದಾರ ಹೊಸದು ಮಾಡಿದರೆ ಸಾಲದು, ಒಂದೊಂದು ಮಣಿಯನ್ನೂ ಹೊಸದಾಗಿ ಕಡೆದು ಪೋಣಿಸಬೇಕು. ಆಳದ ನಕಲು. ಅದಕ್ಕೆ ಹೊತ್ತು ಹಿಡಿಯುತ್ತದೆ. ಚೀಟಿಯನ್ನು ಹೊಸ ಸರಕ್ಕೆ ಕಟ್ಟುವಾಗ, ಹೊಸ ಮಣಿಗಳೆಲ್ಲವನ್ನೂ ಮಿಡಿಗಾಳು ಓದಿಕೊಳ್ಳುವ ತನಕ ಎದೆ ಒಂದು ಉಸಿರಿನಷ್ಟು ಸುಮ್ಮನಿರುತ್ತದೆ. ಮಕ್ಕಳು ಅದನ್ನು ತಡೆದಾರು. ಆದರೆ ಮಕ್ಕಳು ಬಹಳ, ಅತ್ತೆಯ ಸರ ಇಳಿಯುವ ವೇಗ ಅದಕ್ಕಿಂತ ಹೆಚ್ಚು. ಒಬ್ಬೊಬ್ಬರನ್ನೇ ಬಿಡಿಸುತ್ತ ಹೋದರೆ ಓಣಿಯ ಕೊನೆಯ ಮನೆ ಮುಟ್ಟುವುದರೊಳಗೆ ಮುಗಿದಿರುತ್ತದೆ.

“ಇನ್ನೊಂದು ದಾರಿ ಐತಿ,” ಎಂದು ಹೇಳಿ ಮಾಸ್ತರು ನೆಲ ನೋಡಿದರು.

ನೀಲಗಂಗಾಳಿಗೆ ಅವರು ಹೇಳುವುದಕ್ಕಿಂತ ಮೊದಲೇ ಹೊಳೆದಿತ್ತು. ಮಕ್ಕಳನ್ನೆಲ್ಲ ಸರದಿಂದ ಬಿಡಿಸುವ ಬದಲು, ಅತ್ತೆಯೊಬ್ಬಳನ್ನು ಬಿಡಿಸುವುದು. ಅವಳಿಗೆ ಹೊಸ ಸರ ಕಡೆದು, ಅವಳ ಚೀಟಿಯನ್ನು ಅದಕ್ಕೆ ಕಟ್ಟುವುದು. ಹಳೆಯ ಸರ ಎಲ್ಲಿಗೂ ಹೋಗುವುದಿಲ್ಲ, ಒಂದಾದರೂ ಚೀಟಿ ಉಳಿದಿರುವ ತನಕ ಯಂತ್ರ ಅದನ್ನು ಬಿಸಾಡುವುದಿಲ್ಲ. ಮಕ್ಕಳು ಅದರಲ್ಲೇ ಉಳಿಯುತ್ತಾರೆ, ಚೆನ್ನಿಯ ಹೊಸ ದಾರದಲ್ಲಿರುವುದೂ ಅವೇ ಮಣಿ, ಅಂಕಿ ಏರಿಸಬಹುದು. ಒಂದೇ ಕೆಲಸ, ಒಂದೇ ಚೀಟಿ. ಆದರೆ ಆ ಒಂದು ಉಸಿರಿನಷ್ಟು ಹೊತ್ತನ್ನು ತೊಂಬತ್ತರ ಎದೆ ತಡೆದೀತೇ?

ಬೆಳಗಾಗುವುದನ್ನೇ ಕಾದು ಅತ್ತೆಯ ಹತ್ತಿರ ಕೂತಳು. ಗುರುಪಾದನೂ ಬಂದು ಗೋಡೆಗೆ ಆತು ನಿಂತ.

“ಏನ ನೀಲಾ, ಮಾರಿ ಯಾಕ ಹಿಂಗ, ಹಾಲು ಒಡದಂಗ?” ಎಂದಳು ಸಂಗವ್ವ.

ನೀಲಗಂಗಾ ಎಲ್ಲವನ್ನೂ ಹೇಳಿದಳು. ಸಂಗವ್ವ ನಡುನಡುವೆ ಕಣ್ಣು ಮುಚ್ಚುತ್ತಿದ್ದಳು, ಪಕ್ಕದಲ್ಲಿ ಚೆನ್ನಿಯ ಕಣ್ಣುಗಳೂ ಮುಚ್ಚುತ್ತಿದ್ದವು.

“ಅಂದ್ರ ನಾ ಹೋಗೂ ಮುಂದ ಈ ಕೂಸುಗಳನ್ನೂ ಕೈ ಹಿಡದು ಕರಕೊಂಡು ಹೊಂಟೀನಿ ಅಂತಾತು.”

“ಅತ್ತಿ, ಹಂಗನಬ್ಯಾಡ್ರಿ.”

“ಮತ್ತೇನನ್ನಲಿ? ಗುರುಗಳು ಚೆನ್ನಿಗೆ ಲಿಂಗಾ ಕಟ್ಟೂ ಮುಂದ ನನ್ನ ಕೊರಳಾಗಿಂದು ಬಿಚ್ಚಿ ಕಟ್ಟಿದ್ರೇನು? ಆಕಿದು ಆಕಿಗೆ ಕೊಟ್ರು. ಆವಾಗರ ನಮಗ ಬುದ್ಧಿ ಬರಬೇಕಿತ್ತು.” ಉಸಿರು ತೆಗೆದುಕೊಂಡಳು. “ಬಿಚ್ಚು. ನನ್ನ ಚೀಟಿ ಬಿಚ್ಚು.”

ಗುರುಪಾದ ಮುಂದೆ ಬಂದ. “ಬ್ಯಾಡ ನೀಲಾ. ಅವ್ವ ಇನ್ನೂ ನಾಕು ದಿನ ಇದ್ರೂ ಇದ್ದಾಳು. ನೀ ಕೈಯಾರೆ…”

“ನೀ ಸುಮ್ನಿರಪಾ. ನಾಕು ದಿನ ನಾ ಇದ್ರ ನಿನ್ನ ಮಗಳು ನಾಕು ದಿನ ಇರತಾಳ, ಅಷ್ಟ.” ಸಂಗವ್ವ ಸೊಸೆಯ ಕಡೆ ತಿರುಗಿದಳು. “ಎಷ್ಟೊತ್ತು ನಿಂತಿರತೈತಿ ಅಂದಿ?”

“ಒಂದು ಉಸರಿನಷ್ಟು ರೀ.”

“ಸಾಕಲ್ಲ. ಅಷ್ಟರಾಗ ಒಮ್ಮೆ ಶಿವಾ ಅನ್ನಬಹುದು.”

ನೀಲಗಂಗಾ ತಾಳಮನೆಗೆ ಹೋಗುವ ದಾರಿಯಲ್ಲಿ ಶಾಲೆಯ ಗಂಟೆ ಹೊಡೆಯಿತು. ಸಂಗವ್ವನ ಸರದ ಮಕ್ಕಳು ಯಾರೂ ಓಡುತ್ತಿರಲಿಲ್ಲ. ಪಾಟಿಚೀಲ ನೆಲಕ್ಕೆ ಎಳೆಯುತ್ತ, ಮುದುಕರಂತೆ ಗೋಡೆ ಹಿಡಿದು ನಡೆಯುತ್ತಿದ್ದವು. ಬಾಳ್ಯಾ ಕಟ್ಟೆಯ ಮೇಲೆ ಕೂತು ಬಾಯಿ ತೆರೆದು ಉಸಿರಾಡುತ್ತಿದ್ದ. ಕಸ್ತೂರೆವ್ವ ಈಗ ನಗುತ್ತಿರಲಿಲ್ಲ.

ಹೊಸ ಸರ ಕಡೆಯುವುದು ಮುಗಿಯಿತು. ನೀಲಗಂಗಾ ಹಳೆಯ ಮಣಿ, ಹೊಸ ಮಣಿ ಎಂದು ಜೋಡಿಯಾಗಿ ಗುರುತು ಹಿಡಿದು ನೋಡಿದಳು. ಅಂಕಿ ಎರಡರೊಳಗೂ ಒಂದೇ, ಗುರುತು ಬೇರೆ. ಮಾಸ್ತರೂ ನೋಡಿದರು. ಗುರುಪಾದ ಫೋನಿನಲ್ಲಿ ಕಾಯುತ್ತಿದ್ದ.

“ಅತ್ತಿ ತಯಾರದಾರೇನ್ರಿ?”

“ಅಂಗೈಯಾಗ ಲಿಂಗಾ ಇಟಗೊಂಡು ಕುಂತಾಳ. ಒಮ್ಮೆ ವಿಚಾರ ಮಾಡು ನೀಲಾ.”

ಅವಳು ಚೀಟಿಯನ್ನು ಬಿಚ್ಚಿ ಕಟ್ಟಿದಳು.

ಫೋನಿನಲ್ಲಿ ಎಲ್ಲೋ ಕೊಡಕ್ಕೆ ನೀರು ಬೀಳುವ ಸಪ್ಪಳ, ದೂರದಲ್ಲಿ ಯಾರದೋ ಮಗ್ಗ. ಒಂದು ಉಸಿರು ಅಂದರೆ ಇಷ್ಟು ಉದ್ದವೇ? ಮಾಸ್ತರು ಕಣ್ಣು ಮುಚ್ಚಿ ತುಟಿ ಆಡಿಸುತ್ತಿದ್ದರು. ತಾನು ಅತ್ತೆಯನ್ನು ಕೊಂದೆನೆಂಬ ಮಾತು ಅವಳೊಳಗೆ ಪೂರ್ತಿ ಆಗುವ ಮೊದಲೇ ಫೋನಿನಲ್ಲಿ ಹಳೆಯ, ಒಡಕು ದನಿ ಕೇಳಿತು.

“…ವಾ. ಮುಗೀತೇನೋ ಗುರುಪಾದ?”

ನೀಲಗಂಗಾ ಮಕ್ಕಳ ಸರದ ಅಂಕಿಯನ್ನು ಒಂದೊಂದಾಗಿ ಏರಿಸಿದಳು. ಪ್ರತಿ ಸಲವೂ “ಅತ್ತಿ ಹ್ಯಾಂಗದಾರ್ರಿ?” ಎಂದು ಕೇಳಿದಳು. ಪ್ರತಿ ಸಲವೂ “ಹಂಗ ಅದಾಳ” ಎಂದ ಗುರುಪಾದ. ಸ್ವಲ್ಪ ಹೊತ್ತಿಗೆ ಹಿಂದಿನಿಂದ ಚೆನ್ನಿಯ ಕೂಗು, ಏನೋ ಕೆಳಗೆ ಬಿದ್ದು ಒಡೆದ ಸದ್ದು ಬಂದವು. ಗುರುಪಾದ ಮಗಳನ್ನು ಬೈಯಲಿಕ್ಕೆ ಹೋಗಿ ಬಿಕ್ಕಿದ.

ಓಣಿಗೆ ಸಂತೋಷವೇನೋ ಆಯಿತು. ನೀಲಗಂಗಾಳಿಗೆ ಮಾತ್ರ ನಿದ್ದೆ ಬರಲಿಲ್ಲ. ಒಮ್ಮೆ ದಾರ ನೋಡಿ ಮೋಸ ಹೋದವಳು ಅವಳು. ಈಗ ಮಣಿ ನೋಡಿದ್ದಾಳೆ. ಮಣಿಯೊಳಗೆ ಇನ್ನೇನಾದರೂ ಇದ್ದರೆ? ತಾನು ಕೇಳದೇ ಬಿಟ್ಟ ಗುರುತು ಒಂದಿದ್ದರೆ? ಮಾಸ್ತರು ಎಲ್ಲವನ್ನೂ ಮತ್ತೆ ನೋಡಿ ಇಲ್ಲ ಎಂದರು. ಅವರೂ ಮೊದಲ ದಿನ ಹಾಗೇ ನಂಬಿದ್ದರು.

ಸಂಗವ್ವ ತನ್ನದೇ ಸರದಲ್ಲಿ, ಒಬ್ಬಳೇ, ನೆಮ್ಮದಿಯಿಂದ ಇಳಿದು, ಸೋಮವಾರ ಬೆಳಿಗ್ಗೆ ಲಿಂಗೈಕ್ಯಳಾದಳು. ವಿಭೂತಿ ಹಚ್ಚಿ, ಹೂವು ಏರಿಸಿ, ಗೋಡೆಗೆ ಒರಗಿಸಿ ಕೂರಿಸಿದರು. ಮುಖ ಶಾಂತವಾಗಿತ್ತು. ಉಸಿರು ನಿಂತಿದ್ದರೂ ಕೊರಳ ನರ ಇನ್ನೂ ಸಣ್ಣಗೆ ಹಾರುತ್ತಿತ್ತು. ಮಿಡಿಗಾಳಿಗೆ ಸಾವು ತಿಳಿಯದು. ಜಂಗಮರು ಗುರುಪಾದನ ಕೈಗೆ ಗುಂಡಿ ಕೊಟ್ಟರು.

ಅಂಗಳ ತುಂಬ ಹೆಂಗಸರು. ಯಾರೂ ಹೇಳದೆ ಒಬ್ಬೊಬ್ಬ ತಾಯಿಯೂ ತನ್ನ ಮಗುವನ್ನು ಎಳೆದುಕೊಂಡು ಎದೆಯ ಮೇಲೆ ಅಂಗೈ ಇಟ್ಟಿದ್ದಳು. ಕಸ್ತೂರೆವ್ವ ಬಾಳ್ಯಾನನ್ನು ಸೆರಗಿನೊಳಗೆ ಹುದುಗಿಸಿಕೊಂಡಿದ್ದಳು. ಅಳು ಕೂಡ ಇರಲಿಲ್ಲ ಆ ಅಂಗಳದಲ್ಲಿ.

ಗುರುಪಾದ ಗುಂಡಿ ಹಿಡಿದು ಹೆಂಡತಿಯನ್ನು ನೋಡಿದ. “ಖಾತ್ರಿ ಐತೇನು?”

“ಗುರುತು ಎಲ್ಲಾ ಬ್ಯಾರೆ ಅದಾವ್ರಿ.”

“ನಾ ಅದನ್ನ ಕೇಳಲಿಲ್ಲ.”

ನೀಲಗಂಗಾ ಚೆನ್ನಿಯ ಎದೆಯ ಮೇಲೆ ಎರಡೂ ಕೈ ಇಟ್ಟಳು. ಅತ್ತೆಯ ಕೊರಳ ನರ ನೋಡಿದಳು. ಅದು ಹಾಗೆ ಹಾರುತ್ತಲೇ ಮಣ್ಣಿಗೆ ಹೋಗಬಾರದು.

“ಒತ್ತರಿ,” ಎಂದಳು.

ಒತ್ತಿದ. ಸಂಗವ್ವನ ಕೊರಳ ನರ ಒಮ್ಮೆ ಹಾರಿತು, ಇನ್ನೊಮ್ಮೆ ಹಾರಿತು, ನಿಂತಿತು.

ನೀಲಗಂಗಾಳ ಅಂಗೈ ಕೆಳಗೆ ಏನೋ ಬಡಿಯುತ್ತಿತ್ತು. ಅದು ಮಗಳ ಎದೆಯ ಬಡಿತವೋ ತನ್ನದೇ ಬೆರಳಿನ ನಾಡಿಯೋ ಅವಳಿಗೆ ತಿಳಿಯಲಿಲ್ಲ. ತಲೆ ಬಗ್ಗಿಸಿ ನೋಡುವ ಧೈರ್ಯವೂ ಬರಲಿಲ್ಲ.

“ಅವ್ವಾ, ಕೈ ತಗೀ,” ಎಂದಳು ಚೆನ್ನಿ. “ಭಾಳ ಒತ್ತಾಕ ಹತ್ತಿ.”

ನೀಲಗಂಗಾ ಕೈ ತೆಗೆಯಲಿಲ್ಲ. ಚೆನ್ನಿಯೇ ಒಂದೊಂದು ಬೆರಳನ್ನೂ ಹಿಡಿದು ಬಿಡಿಸಬೇಕಾಯಿತು.